ಕಂಬಳಿ ಸತ್ತ ದಿನ

ಹಳೆಯ ಕಂಬಳಿಯನ್ನು ಬಕೆಟ್ಟಿಗೆ ಹಾಕಿದ್ದೇ ತಡ, ಒದ್ದೆ ಉಣ್ಣೆಯ ವಾಸನೆಗೆ ಚಿಕ್ಕಂದಿನಲ್ಲಿ ನಾವಿದ್ದ ಕೊಲ್ಲಿ ದೇಶದ ದಾರ್ಸೈಟಿನ ಫ್ಲ್ಯಾಟು ನೆನಪಾಯಿತು.

ಪಕ್ಕದ ಮನೆಯ ಜಹ್ರಾ ಆಂಟಿ ಮೊರಾಕ್ಕೊದ ಬರ್ಬರ್ ಜನಾಂಗದ ಹೆಂಗಸು. ಅಡುಗೆ ಮುಗಿಸಿ ಹಾಲ್‌ನಲ್ಲಿದ್ದ ಮಗ್ಗದೆದುರು ಕೂರುತ್ತಿದ್ದರು. ಒಂದು ದಿನ ನೇಯ್ದು ಮುಗಿದ ಕಂಬಳಿಗೆ ನೀರು ಚಿಮುಕಿಸಿ, ಏನೋ ಪ್ರಾರ್ಥಿಸಿ, ನೂಲು ಕತ್ತರಿಸಿ, “ಖಲಾಸ್, ಇಟ್ ಈಸ್ ಡೆಡ್” ಎಂದರು. ಮಗ್ಗದಲ್ಲಿರುವ ತನಕ ಮಾತ್ರ ಅದಕ್ಕೆ ಜೀವವಂತೆ.

ಓಡಿಬಂದು, “ಅಮ್ಮಾ, ಆಂಟಿ ಮನೇಲಿ ಸತ್ತುಹೋಯ್ತು!” ಎಂದೆ.

“ಅಯ್ಯೋ, ಯಾರು ಮಾರಾಯ್ತಿ?”

“ಕಂಬಳಿ.”

ಅಮ್ಮ ಬಾಗಿಲಲ್ಲೇ ನನ್ನನ್ನು ತಡೆದಳು. “ಕಂಬಳಿಗೆ ಸೂತಕ ಉಂಟಾ? ಯಾವುದಕ್ಕೂ ಮಿಂದು ಬಾ.”

ಮಿಂದು ಬಂದರೆ, ಅಷ್ಟರಲ್ಲಿ ಆಂಟಿ ತಂದು ಉಡುಗೊರೆ ಕೊಟ್ಟ ಅದೇ ಕಂಬಳಿ ಅಮ್ಮನ ತೋಳಲ್ಲಿ! ನಗಬೇಕೋ ಮೀಯಬೇಕೋ ತಿಳಿಯದೆ ನಿಂತಿದ್ದಳು.

ಇವತ್ತು ನನ್ನ ಕೈಯೂ ನೀರಲ್ಲಿ ನಿಂತಿತು. ಅದೇ ಕಂಬಳಿಯನ್ನು ಒಗೆಯುತ್ತಿದ್ದೇನೋ, ಮೀಯಿಸುತ್ತಿದ್ದೇನೋ?