ಪೈಲ್ವಾನನ ಹಿತ್ತಲು

ಗೋಡೆಯಾಚೆಯ ಟರ್ಕಿ ಹುಂಜಕ್ಕೆ ರಹಮತುಲ್ಲಾ ಇಟ್ಟಿದ್ದ ಹೆಸರು ಪೈಲ್ವಾನ. ನಾನು ಇಟ್ಟಿದ್ದ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಗಂಜಾಂನಲ್ಲಿ ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ಒಂದೇ ಗೋಡೆ. ನಾನು ಎಮ್ಮೆಗೆ ಹುಲ್ಲು ಹಾಕಲು ಹೋದಾಗೆಲ್ಲ ಅದು ಆ ಕಡೆಯಿಂದ ನನ್ನನ್ನೇ ಬೈದಂತೆ ಗುಳುಗುಳು ಕೂಗುತ್ತಿತ್ತು.

ರಹಮತುಲ್ಲಾ ಟೆಂಪೋ ಓಡಿಸುತ್ತಿದ್ದವನು. ಪಾಂಡವಪುರದ ಕಡೆ ಒಂದು ಫಾರಮ್ಮಿಗೆ ಕೋಳಿ ಫೀಡು ಇಳಿಸಲು ಹೋದಾಗ ತಂದ ಮರಿಗಳಲ್ಲಿ ಉಳಿದದ್ದು ಅದೊಂದೇ. ತೊಡೆಯ ಮೇಲೆ ಕೂರಿಸಿಕೊಂಡು ಕೈಯಾರೆ ತಿನ್ನಿಸಿ ಬೆಳೆಸಿದ. ಆಮೇಲೆ ಎರಡು ಹೆಣ್ಣು ಟರ್ಕಿ ತಂದು ಜೊತೆಗೆ ಬಿಟ್ಟರೂ ಅದು ತನ್ನನ್ನು ಮನುಷ್ಯನೆಂದೇ ತಿಳಿದಿತ್ತು. ಹಾಗಾಗಿ ಅದರ ಜಗಳವೂ ಮನುಷ್ಯರ ಜೊತೆಗೇ. ಪುಕ್ಕ ಬಿಚ್ಚಿ, ಎದೆ ಉಬ್ಬಿಸಿ ಮೇಲೇರಿ ಬರುತ್ತಿತ್ತು. ರಹಮತುಲ್ಲಾ ಮಾತ್ರ ಹಿಂದೆ ಸರಿಯುತ್ತಿರಲಿಲ್ಲ. ಎರಡೂ ರೆಕ್ಕೆ ಅದುಮಿ ನೆಲಕ್ಕೆ ಒತ್ತಿ, ಅದು ತೆಪ್ಪಗಾಗುವವರೆಗೆ ಹಿಡಿದಿರುತ್ತಿದ್ದ.

ಚಳಿಗಾಲದಲ್ಲಿ ಅವನು ಎದೆನೋವಿನಿಂದ ಹೋಗಿಬಿಟ್ಟ. ಹೆಂಡತಿ ಜಹೀರುನ್ನೀಸಾ, ನನ್ನ ಪಾಲಿನ ಜಹೀರಕ್ಕ, ಇದ್ದತ್‌ಗೆ ಕೂತಳು. ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೊಸಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಬಿಸಿಲು, ಗಾಳಿ, ಆಕಾಶ ಎಂದು ಅವಳಿಗೆ ಉಳಿದದ್ದು ಆ ಹಿತ್ತಲೊಂದೇ. ಅದನ್ನು ಪೈಲ್ವಾನ ಕಿತ್ತುಕೊಂಡ.

ನಲ್ಲಿ, ಬಟ್ಟೆ ಒಗೆಯುವ ಕಲ್ಲು, ತಂತಿ ಎಲ್ಲ ಅಲ್ಲೇ. ಅವಳು ಬಾಗಿಲು ತೆರೆದರೆ ಸಾಕು, ಹಾರಿ ಬಂದು ಒದೆಯುತ್ತಿತ್ತು. ಕಾಲಿನ ಒಂದು ಗಾಯ ಒಣಗುವಷ್ಟರಲ್ಲಿ ಇನ್ನೊಂದು. ಅವಳು ಬಟ್ಟೆಯನ್ನು ಅಡುಗೆಮನೆಯಲ್ಲೇ ಹಿಂಡಿ ಒಳಗೇ ಹರವತೊಡಗಿದಳು. ಮಧ್ಯಾಹ್ನ ಬಾಗಿಲನ್ನು ಒಂದು ಗೇಣು ತೆರೆದು, ಮೊರ ಅಡ್ಡ ಇಟ್ಟುಕೊಂಡು, ಬಿಸಿಲಿಗೆ ಪಾದ ಚಾಚಿ ಕೂರುತ್ತಿದ್ದಳು. ಒಂದು ದಿನ ನಾನು ಗೋಡೆಯ ಮೇಲಿಂದ ಬಗ್ಗಿ ಅವಳನ್ನು ಕರೆದೆ.

"ನಮ್ಮನೇವ್ರು ಬಂದು ಇಡ್ಕೊಂಡೋಯ್ತಾರೆ ಕಣಕ್ಕ," ಎಂದೆ. "ನೀನು ಬಾಗ್ಲಾಕ್ಕೊಂಡು ಒಳ್ಗಿರು. ಕಲೀಂ ಕೋಳಿ ಅಂಗ್ಡಿಗೆ ಕೊಟ್ಬುಡನ, ಕುಯ್ಕೊಳ್ಲಿ."

"ಮುಬೀನಾ ಒಪ್ಪಲ್ಲ ಪ್ರಮೀಳಾ. ಅಬ್ಬಾ ಸಾಕಿದ್ದು ಅಂತ ಫೋನಲ್ಲಿ ಒಂದೇ ಸಮ ಅಳ್ತಾಳೆ."

ಮುಬೀನಾ ಕೆ.ಆರ್. ಪೇಟೆಗೆ ಮದುವೆಯಾಗಿ ಹೋದ ಮಗಳು. ಅಲ್ಲಿ ಕೂತು ಅಳುವುದು ಸುಲಭ, ಒದೆ ತಿನ್ನುವವಳು ಇವಳು ಎಂದುಕೊಂಡೆ.

"ಅಂಗಾರೆ ನೀನೇ ಇಡ್ಕೊ. ಅಣ್ಣ ಇಡೀತಿದ್ರಲ್ಲ, ಅಂಗೆ. ನೀ ಇಂದಕ್ಕೆ ಸರಿಯೋದ್ ನೋಡೇ ಅದು ಮೇಲ್ಬೀಳೋದು."

"ನನ್ ಕೈಲಾಗಲ್ಲ. ಅವ್ರು ದನಿ ಏರ್ಸುದ್ರೇನೇ ನಾನು ಒಳಿಕ್ಕೆ ಓಡ್ತಿದ್ದೋಳು. ಕಾಲು ತಾನಾಗೇ ಇಂದಕ್ಕೋಯ್ತವೆ."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ರಹಮತುಲ್ಲಾನ ಗದರಿಕೆ ನಮ್ಮ ಕೊಟ್ಟಿಗೆಯವರೆಗೂ ಕೇಳಿಸುತ್ತಿತ್ತು. ಹಿಂದೆಯೇ ದಡಾರನೆ ಒಳಬಾಗಿಲು ಮುಚ್ಚುವ ಸದ್ದು. ಬೀದಿಯವರೆಲ್ಲ ಅವನನ್ನು ಒಳ್ಳೆಯವನು ಎನ್ನುತ್ತಿದ್ದರು. ಬೀದಿಯ ಮಟ್ಟಿಗೆ ಒಳ್ಳೆಯವನೇ.

ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ಹೆಣ್ಣು ಟರ್ಕಿಗಳು ಬರಿದಾದ ನೀರಿನ ತಟ್ಟೆಯನ್ನು ಕುಕ್ಕುತ್ತಿದ್ದವು. ಗೋಡೆಯ ಮೇಲಿಂದ ನಾನು ನೀರು ಸುರಿಯುವ ಮೊದಲೇ ಜಹೀರಕ್ಕ ಬಕೆಟ್ ಹಿಡಿದು ಹೊರಬಂದಳು. ಪೈಲ್ವಾನ ನೆಗೆದ. ಬಕೆಟ್ ಉರುಳಿತು. ಹಿಂದೆ ಹಿಂದೆ ಸರಿದವಳು ಒಗೆಯುವ ಕಲ್ಲಿಗೆ ತಗುಲಿ ನಿಂತಳು. ಅದರ ಹಿಂದೆ ಗೋಡೆ, ಇನ್ನು ಸರಿಯಲು ಜಾಗವೇ ಇರಲಿಲ್ಲ.

"ರೆಕ್ಕೆ ಅದುಮಕ್ಕಾ!" ಎಂದು ಕಿರುಚಿದೆ.

ಅವಳು ಕಣ್ಣು ಮುಚ್ಚಿಕೊಂಡೇ ಅದರ ಮೇಲೆ ಬಿದ್ದಳು. ರೆಕ್ಕೆಗಳು ಕೈಗೆ ಸಿಕ್ಕವು. ಮಂಡಿಯೂರಿ ನೆಲಕ್ಕೆ ಒತ್ತಿದಳು. ಅದು ಕೊಸರಾಡಿತು, ಮಣ್ಣು ಕೆದರಿತು.

"ಬುಡಬ್ಯಾಡ, ತೆಪ್ಪಗಾಗೋಗಂಟ ಬುಡಬ್ಯಾಡ!"

ಸ್ವಲ್ಪ ಹೊತ್ತಿಗೆ ಅದರ ಕತ್ತಿನ ಕೆಂಪು ಇಳಿದು ಬಿಳಿಚಿಕೊಂಡಿತು. ತಲೆಯನ್ನು ಮಣ್ಣಿಗಿಟ್ಟು ಸುಮ್ಮನಾಯಿತು. ನಾನೇ ಗೆದ್ದವಳಂತೆ ಚಪ್ಪಾಳೆ ಹೊಡೆದೆ.

ಜಹೀರಕ್ಕ ನಗಲಿಲ್ಲ. ಕೈಕೆಳಗಿನ ಹಕ್ಕಿಯನ್ನೇ ನೋಡುತ್ತಿದ್ದಳು.

"ಇಷ್ಟೇನಾ ಪ್ರಮೀಳಾ?"

"ಇಷ್ಟೇ ಕಣಕ್ಕ. ಇನ್ ಬುಡು."

ಅವಳು ಬಿಡಲಿಲ್ಲ. ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಅವ್ರ ಮುಂದೂ ಒಂದ್ಸಲ ಇಂಗೆ ನಿಂತಿದ್ರೆ ಅವ್ರೂ ತೆಪ್ಪಗಾಯ್ತಿದ್ರೇನೋ. ಇಷ್ಟ್ ವರ್ಸ ಬರೀ ಓಡ್ಬುಟ್ನಲ್ಲ."

ಆಗುತ್ತಿದ್ದನೋ ಇಲ್ಲವೋ ನನಗೇನು ಗೊತ್ತು. ಮನುಷ್ಯ ಟರ್ಕಿಯಲ್ಲ. ಆದರೆ ಅವನ ಮೇಲೆ ಅಂದು ಬಂದಷ್ಟು ಸಿಟ್ಟು ನನಗೆ ಅವನು ಬದುಕಿದ್ದಾಗಲೂ ಬಂದಿರಲಿಲ್ಲ.

"ಓಡಿದ್ದು ನಿನ್ ತಪ್ಪಲ್ಲ ಕಣಕ್ಕ," ಎಂದೆ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಹೆಣ್ಣು ಟರ್ಕಿಗಳು ಚೆಲ್ಲಿದ ನೀರನ್ನು ಕುಡಿಯುತ್ತಿದ್ದವು. ಹಕ್ಕಿಯ ಮೇಲಿಂದ ಅವಳ ಕೈ ಬಿಡಿಸಲು ಕೊನೆಗೆ ನಾನೇ ಗೋಡೆ ಹತ್ತಿ ಇಳಿಯಬೇಕಾಯಿತು.