ಅಕ್ಕಿ ಬರೆಸಲು ತೆಗೆದ ಫೋಟೊ

ಕಾಮಗೆರೆಯಿಂದ ಕೊಳ್ಳೇಗಾಲದ ಸ್ಕೂಲಿಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಜಡೇಸ್ವಾಮಿಯದು. ಆಸಾಮಿಯ ಬಾಯಿ ಜೋರು, ಮನಸ್ಸು ಮೆತ್ತಗೆ. ಅಡ್ಡ ಬಂದ ಟ್ರ್ಯಾಕ್ಟರಿನವನ ಏಳು ತಲೆಮಾರನ್ನು ಜಾಲಾಡುವವನು, ಮಗುವೊಂದು ವಾಂತಿ ಮಾಡಿಕೊಂಡರೆ ತನ್ನ ಟವಲಿನಲ್ಲೇ ಒರೆಸುತ್ತಿದ್ದ. ಊರಿನ ತಾಯಂದಿರಿಗೆ ಅವನ ಮೇಲೆ ನಂಬಿಕೆ. ಆ ನಂಬಿಕೆಯೇ ಅವನ ಅನ್ನ.

ಹೋದ ವರ್ಷ ಪುಟ್ಟಮಾದಪ್ಪನ ದೊಡ್ಡ ಮಗಳಿಗೆ ಯಾವನೋ ಗುರುತಿಲ್ಲದವನು ಫೋನಿನಲ್ಲಿ ಗೆಳತಿಯ ಸೋಗು ಹಾಕಿ ಗಂಟುಬಿದ್ದು, ಫೋಟೊ ಕಳಿಸೆಂದು ಪೀಡಿಸಿದ್ದ. ಸ್ಟೇಷನ್ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ಪುಟ್ಟಮಾದಪ್ಪನನ್ನು ಕೈಹಿಡಿದು ಕರೆದೊಯ್ದವನು ಜಡೇಸ್ವಾಮಿಯೇ. ಆ್ಯಪ್ ಕಂಪನಿಯವರು ಅವನ ಮೆಸೇಜುಗಳನ್ನು ನೋಡಿ ಕೊಟ್ಟ ಸುಳಿವಿನಿಂದ ಆ ನೀಚ ಸಿಕ್ಕಿಬಿದ್ದ.

“ಕಾನೂನು ಅಂದ್ರೆ ಇಂಗಿರ್ಬೇಕು ಕಣ್ಲಾ. ಎಲ್ರ ಫೋನ್ ಮ್ಯಾಲೂ ಒಂದ್ ಕಣ್ಣು ಮಡಗ್ಬೇಕು,” ಎಂದು ಜಡೇಸ್ವಾಮಿ ಟೀ ಅಂಗಡಿಯಲ್ಲಿ ಎದೆಯುಬ್ಬಿಸಿದ್ದ. ತಪ್ಪೇನೂ ಹೇಳಿರಲಿಲ್ಲ, ಪಾಪ.

ಈ ಸಲ ದೀಪಾವಳಿ ಕಳೆದ ಮೇಲೆ ಅವನ ಸ್ವಂತ ಮಗಳಿಗೆ, ಎರಡು ವರ್ಷದ ಕೂಸಿಗೆ, ಸೊಂಟದ ಕೆಳಗೆ ಕೆಂಪು ಗುಳ್ಳೆಗಳೆದ್ದವು. ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟರು. ಹೆಂಡತಿ ಮೀನಾಗೆ ಸಮಾಧಾನವಿಲ್ಲ. ಇದು ಅಕ್ಕಿ ಹುಣ್ಣು, ಅಕ್ಕಿ ಬರೆಸಲೇಬೇಕು ಎಂದಳು. ಯಳಂದೂರಿನ ಕಡೆ ಕುಂಬಾರರ ಕೆಂಚಯ್ಯ ಗುಳ್ಳೆಗಳ ಮೇಲೆ ಕೆಮ್ಮಣ್ಣಿನಲ್ಲಿ ಸಿಂಹ ಬರೆದು ವಾಸಿ ಮಾಡುತ್ತಾನೆಂದು ಹೆಸರು. ಮುದುಕ ಕಾಲಕ್ಕೆ ತಕ್ಕಂತೆ ಬದಲಾಗಿದ್ದ.

“ಸುಮ್ನೆ ಮಗೀನ ಎತ್ಕಂಡು ಅಷ್ಟು ದೂರ ಬರ್ಬ್ಯಾಡಿ. ಮೊದ್ಲು ಪಟ ಕಳ್ಸಿ, ಅಕ್ಕಿನೋ ಅಲ್ವೋ ನೋಡಿ ಏಳ್ತೀನಿ,” ಎಂದ ಫೋನಿನಲ್ಲಿ.

ಮೀನಾ ಮಗುವಿನ ಬಟ್ಟೆ ಬಿಚ್ಚಿ ಹಿಡಿದುಕೊಂಡಳು, ಜಡೇಸ್ವಾಮಿ ಫೋಟೊ ತೆಗೆದು ಕಳಿಸಿದ. ತೆಗೆದ ಫೋಟೊ ತನ್ನಷ್ಟಕ್ಕೆ ತಾನೇ ಫೋನಿನ ಖಾತೆ ನಡೆಸುವ ಕಂಪನಿಯ ಉಗ್ರಾಣಕ್ಕೂ ಹೋಗಿ ಸೇರುತ್ತದೆಂದು ಅವನಿಗೇನು ಗೊತ್ತು? ಕೆಂಚಯ್ಯ ಅಕ್ಕಿಯೇ ಎಂದ, ಸಿಂಹ ಬರೆದ, ಗುಳ್ಳೆ ಒಣಗಿತು. ಮುಲಾಮಿನಿಂದಲೋ ಸಿಂಹದಿಂದಲೋ, ಆ ಜಗಳ ಬೇಡ.

ಸ್ವಲ್ಪ ದಿನದಲ್ಲೇ ಫೋನಿನ ಖಾತೆ ಬಂದ್ ಆಯಿತು. ಬೆನ್ನಿಗೇ ಪೊಲೀಸರು ಕರೆಸಿದರು. ಮಕ್ಕಳ ಅಸಹ್ಯ ಚಿತ್ರ ಇಟ್ಟುಕೊಂಡಿದ್ದಾನೆಂದು ಕಂಪನಿಯಿಂದ ವರದಿ ಬಂದಿತ್ತು.

ಇನ್‌ಸ್ಪೆಕ್ಟರು ಒಳ್ಳೆಯವರು. ಆಸ್ಪತ್ರೆಯ ಚೀಟಿ ನೋಡಿದರು, ಮೀನಾಳನ್ನು ವಿಚಾರಿಸಿದರು, ಕೆಂಚಯ್ಯನಿಗೆ ಫೋನ್ ಮಾಡಿದರು.

“ಫೋಟೊ ಜಾಲಾಡೋ ಕಂಪನಿ ಮಿಷನ್‌ಗೆ ಅಕ್ಕಿಗಿಕ್ಕಿ ಗೊತ್ತಾಗಲ್ಲಪ್ಪ. ಅನುಮಾನ ಬಂದ್ರೆ ಕಂಪನೀಲಿ ಯಾರಾದ್ರೂ ನೋಡಿ ತಿಳಿಸ್ತಾರೆ. ನಿಂದೇನೂ ತಪ್ಪಿಲ್ಲ, ಹೋಗು.”

ಜಡೇಸ್ವಾಮಿ ಏಳಲಿಲ್ಲ. “ಯಾರು ಸಾ? ನನ್ ಮಗೀನ ಪಟಾನ ಯಾವೋನ್ ನೋಡ್ದ?”

“ಅದು ನಮಗೂ ಗೊತ್ತಿಲ್ಲ. ಆದ್ರೆ ಯಾರೂ ನೋಡ್ದೇ ಹೋಗಿದ್ರೆ, ಹೋದ ವರ್ಷ ನೀನು ಕರ್ಕೊಂಡು ಬಂದ ಕೇಸಲ್ಲಿ ಅವನು ಸಿಗ್ತಿದ್ನಾ?”

ಅವರು ಹೇಳಿದ್ದು ನಿಜ. ಜಡೇಸ್ವಾಮಿಯ ಸಂಕಟವೂ ನಿಜ. ಕಾಣದ ದೇಶದಲ್ಲಿ, ಕಾಣದವನೊಬ್ಬ ಅವನ ಕೂಸನ್ನು ನೋಡಿದ್ದ.

ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಮರುದಿನ ವ್ಯಾನು ಅರ್ಧ ಖಾಲಿ. ಮೊದಲು ಮಗುವನ್ನು ವ್ಯಾನಿನಿಂದ ಬಿಡಿಸಿದವನು ಪುಟ್ಟಮಾದಪ್ಪ. ಅವನ ಚಿಕ್ಕ ಮಗಳು ಎಲ್‌ಕೆಜಿ. ಮೀನಾ ಸುಮ್ಮನಿರುವವಳಲ್ಲ, ಅವರ ಜಗಲಿಗೇ ಹೋಗಿ ನಿಂತಳು.

“ಅಕ್ಕಿ ತೋರ್ಸಕೆ ಪಟ ತೆಗ್ಯಾಗ ಮಗೀನ ಇಡ್ಕಂಡಿದ್ದೋಳು ನಾನು ಕಣಣ್ಣ. ಎತ್ತ ತಾಯಿನೂ ಕೆಟ್ಟೋಳು ಅಂತೀಯಾ?”

ಮಾರನೆಯ ಬೆಳಿಗ್ಗೆ ಪುಟ್ಟಮಾದಪ್ಪ ಮಗಳ ಕೈಹಿಡಿದು ವ್ಯಾನಿನ ಬಳಿ ಬಂದ. ಮುಖ ಎತ್ತಲಿಲ್ಲ. “ತಪ್ಪಾಯ್ತು ಕಣ್ಲಾ ಜಡೇಸ್ವಾಮಿ.”

“ಬುಡು. ನಿನ್ ಜಾಗ್ದಲ್ಲಿ ನಾನಿದ್ರೂ ಅದ್ನೇ ಮಾಡ್ತಿದ್ದೆ,” ಎಂದ ಜಡೇಸ್ವಾಮಿ. ಬಾಯಿಮಾತಿಗೆ ಹೇಳಿದ್ದಲ್ಲ.

ವ್ಯಾನಿನ ಮೆಟ್ಟಿಲು ಎತ್ತರ. ಮಗು ದಿನದಂತೆ ಅವನ ಕಡೆಗೆ ಎರಡೂ ಕೈ ಚಾಚಿತು. “ಮಾಮ, ಎತ್ಕೊ.”

ಜಡೇಸ್ವಾಮಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ನಿಮ್ಮಪ್ಪ ಎತ್ಕತರೆ ಕಣವ್ವ,” ಎಂದವನೇ, ತನ್ನ ಸೀಟಿಗೆ ಹೋಗಿ ಕುಳಿತು, ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದುಕೊಂಡ.