ಬೋಟಿನ ತಂಗಿ ಹೇಳದ ಮಾತು

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ನಡುಮನೆಯಲ್ಲಿ ದಿನವೂ ಮಧ್ಯಾಹ್ನ ಮೂರಕ್ಕೆ ಒಂದು ಕೊಲೆಯ ವಿಚಾರಣೆ ಶುರುವಾಗುತ್ತಿತ್ತು. ಟೀವಿಯ ಮುಂದೆ ಮೂವರು: ಅತ್ತೆ, ನಾನು, ಮತ್ತು ಗೋಣಿಬೀಡು ರಸ್ತೆಯ ಗ್ಯಾರೇಜಿನವರ ಹೆಂಡತಿ. ಅವರನ್ನು ನಾವು ಆಪಾ ಎಂದೇ ಕರೆಯುವುದು. ಆಪಾ ಮತ್ತು ನಾನು ನೆಲದ ಮೇಲೆ ಪೇಪರು ಹಾಸಿ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆ ಮೊರ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಅಲ್ಲಿಂದ ಕಣದಲ್ಲಿ ಒಣಗುವ ಕಾಫಿಯೂ ಕಾಣುತ್ತದೆ, ಟೀವಿಯೂ ಕಾಣುತ್ತದೆ.

ಕನ್ನಡ ಸೀರಿಯಲ್ಲುಗಳನ್ನು ಅತ್ತೆ ಬಿಟ್ಟು ವರ್ಷವಾಗಿತ್ತು. “ಅದ್ರೊಳಗಿನ ಅತ್ತೇರನ್ನ ನೋಡಿ ನೋಡಿ ನನ್ಗೇ ನನ್ನ ಮೇಲೆ ಅನುಮಾನ ಬರ್ತದೆ” ಎಂದು ಅವರ ದೂರು. ಈಗ ನೋಡುತ್ತಿದ್ದದ್ದು ಯಾವುದೋ ಚಳಿದೇಶದ ಪತ್ತೇದಾರಿ ಸೀರಿಯಲ್ಲು. ಆ ಭಾಷೆ ನಮಗಾರಿಗೂ ತಿಳಿಯದು. ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತವೆ. ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ಅವನ್ನು ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಿತ್ತು.

ಬೈಗುಳ ಬಂದಾಗ ಮಾತ್ರ ನನ್ನ ನಾಲಿಗೆ ಏಳುತ್ತಿರಲಿಲ್ಲ. ಒಮ್ಮೆ ಅನುಮಾನಕ್ಕೆ ಸಿಕ್ಕ ಮೀನುಗಾರನೊಬ್ಬ ಠಾಣೆಯಲ್ಲಿ ಅರ್ಧ ನಿಮಿಷ ಕೂಗಾಡಿದ. “ತುಂಬಾ ಬೇಜಾರಾಗಿದೆ ಅಂತಿದ್ದಾನೆ” ಎಂದೆ.

“ಬೇಜಾರಾದ್ರೆ ಮೇಜು ಒಡೀತಾರಾ ಮಾರಾಯ್ತಿ?” ಎಂದರು ಆಪಾ. “ನಮ್ಮನೆಯವ್ರು ಕಾಲ್ಮೇಲೆ ಸ್ಪ್ಯಾನರ್ ಬಿದ್ರೂ ಇದಕ್ಕಿಂತ ಜಾಸ್ತಿ ಹೇಳ್ತಾರೆ.”

ಆ ಪಾತ್ರಗಳ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ಅಕ್ಕ ತಂಗಿಯರಿಬ್ಬರು ಇದ್ದರು. ಯಾವಾಗಲೂ ಕೆಂಪು ಕೋಟು ಹಾಕುವವಳು ಕೆಂಪು ಕೋಟಿನ ಅಕ್ಕ, ದೋಣಿ ನಡೆಸುವವಳು ಬೋಟಿನ ತಂಗಿ. ಮಂಜಿನಲ್ಲಿ ತಂಗಿಯ ಬೋಟು ಬಡಿದು ಒಬ್ಬ ಸತ್ತಿರುತ್ತಾನೆ, ಅವಳು ಹೆದರಿ ಮುಚ್ಚಿಟ್ಟಿರುತ್ತಾಳೆ. ಸತ್ತವನ ಒದ್ದೆ ಜಾಕೀಟು ಅಕ್ಕನ ಕೈಗೆ ಸಿಗುತ್ತದೆ. ಅವಳು ನೇರವಾಗಿ ಪೊಲೀಸರ ಹತ್ತಿರ ಹೋಗಿ ಹೇಳಿಬಿಡುತ್ತಾಳೆ.

ಆ ದಿನ ಅವರೆಕಾಯಿ ಅರ್ಧಕ್ಕೇ ನಿಂತಿತು.

“ಒಡಹುಟ್ಟಿದವಳನ್ನ ಹಿಡ್ಕೊಡೋದಾ? ಎಂಥ ಅಕ್ಕ ಇವ್ಳು?” ಆಪಾ ಸಿಡಿದರು.

“ಸತ್ತವನಿಗೂ ಒಂದು ಮನೆ ಇರ್ತದೆ” ಅತ್ತೆಯ ದನಿ ಏರಿತು. “ಹೇಳಿದ್ದು ಸರಿ. ಮುಚ್ಚಿಟ್ಟಿದ್ರೆ ನಾಳೆ ಆ ತಂಗಿಗೇ ಕಷ್ಟ.”

“ಹೇಳ್ಲಿ ಅಮ್ಮಾ, ಬೇಡ ಅನ್ಲಿಲ್ಲ. ಅದಕ್ಕೆ ಮುಂಚೆ ತಂಗಿ ಹತ್ರ ಒಂದು ಮಾತು ಕೇಳ್ಬೋದಿತ್ತಲ್ಲ? ‘ನಾನು ಹೇಳ್ತೀನಿ, ಇಲ್ಲ ನೀನೇ ಹೋಗಿ ಹೇಳು’ ಅಂತ?”

ಅತ್ತೆಯ ಕೈ ಮತ್ತೆ ಸುಲಿಯತೊಡಗಿತು, ಆದರೆ ಕಾಳು ಕೆಳಗಿನ ಪೇಪರಿಗೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ.

ಆಪಾಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅತ್ತೆಗೆ ಕಳಸದಲ್ಲಿ ಒಬ್ಬ ತಂಗಿ ಇದ್ದಾರೆ. ಮೂವತ್ತು ವರ್ಷಗಳ ಹಿಂದೆ ಅವರ ಮದುವೆ ಗೊತ್ತಾಗಿ, ಗಂಡಿನ ಕಡೆಯವರು ಊಟಕ್ಕೆ ಬಂದಿದ್ದಾಗ, ಅತ್ತೆ ಹಿತ್ತಲ ಜಗಲಿಯಲ್ಲಿ ಗಂಡಿನ ತಾಯಿಗೆ, ಹುಡುಗಿಗೆ ಆಗಾಗ ಮೂರ್ಛೆ ಬರುತ್ತದೆ ಎಂದು ಹೇಳಿದರು. ಮದುವೆ ಮುರಿಯಿತು. ತಂಗಿ ಹೊಲಿಗೆ ಕಲಿತು, ಅಂಗಡಿ ಇಟ್ಟುಕೊಂಡು ಒಬ್ಬರೇ ಉಳಿದರು. ಅಕ್ಕನೊಂದಿಗೆ ಮಾತು ಬಿಟ್ಟರು. ನಂಟರ ಮದುವೆಗಳಲ್ಲಿ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರುವುದನ್ನು ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ.

ನಾಲ್ಕು ದಿನದ ಮೇಲೆ ಜೈಲಿನ ಭಾಗ ಬಂತು. ಕೆಂಪು ಕೋಟಿನ ಅಕ್ಕ ಸಣ್ಣ ದೋಣಿಯೊಂದರಲ್ಲಿ ನೀರು ದಾಟಿ, ಮಂಜು ತುಳಿದು ಜೈಲಿಗೆ ಹೋಗುತ್ತಾಳೆ. ನಡುವೆ ಗಾಜು. ತಂಗಿ ಅವಳನ್ನು ನೋಡುತ್ತ ಅಳುತ್ತಾಳೆ, ಮೆಲ್ಲಗೆ ಒಂದೇ ವಾಕ್ಯ ಹೇಳುತ್ತಾಳೆ. ಕೆಳಗೆ ಸಾಲು ಬಂತು: ಇನ್ನು ಇಲ್ಲಿಗೆ ಬರಬೇಡ.

“ಎಂಥ ಅಂದ್ಲು?” ಅತ್ತೆ ಕುರ್ಚಿಯ ತುದಿಗೆ ಬಂದಿದ್ದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು, ಕಂಡರೆ ಓದಬಹುದೇನೋ ಎನ್ನುವ ಹಾಗೆ.

“‘ಮುಂದಿನ ವಾರವೂ ಬಾ’ ಅಂದ್ಲು” ಎಂದೆ.

ಅಳುವ ಮುಖಕ್ಕೆ ಆ ಮಾತೂ ಹೊಂದಿಕೊಂಡಿತು. ಆಪಾ ಮೂಗೊರೆಸಿಕೊಂಡರು. ನನಗೆ ಮಾತ್ರ ಶನಿವಾರಗಳು ನೆನಪಾದವು. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಪಾಪ ಹೇಳಿಕೊಳ್ಳಲು ಚಾಪೆಲಿನ ಮುಂದೆ ಸಾಲು ನಿಂತು, ಒಬ್ಬೊಬ್ಬರೇ ಒಳಗೆ ಹೋಗಿ, ಹಗುರಾಗಿ ಹೊರಬರುತ್ತಿದ್ದರು. ನಮ್ಮಂಥವರಿಗೆ ಆ ಅನುಕೂಲವಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸುಲಿದ ಅವರೆಕಾಳಿನ ಡಬ್ಬ. “ನನ್ನನ್ನ ಕಳಸಕ್ಕೆ ಕರ್ಕೊಂಡು ಹೋಗ್ತೀಯಾ?”

ನಾನೇ ಕಾರು ಓಡಿಸಿದೆ. ಮೂಡಿಗೆರೆ ದಾಟುವವರೆಗೆ ನಿಜ ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಅಲ್ಲಿ ಆ ತಂಗಿ ಬಾಗಿಲು ಮುಚ್ಚಿದರೆ? ನನ್ನ ಒಂದು ಸುಳ್ಳು ನಂಬಿ ಹೊರಟ ಇವರು ಯಾವ ಮುಖ ಹೊತ್ತು ಮರಳುತ್ತಾರೆ? ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿದೆವು. ಅತ್ತೆ ದೋಸೆಯನ್ನು ಮುರಿಯುತ್ತಿದ್ದರು, ತಿನ್ನುತ್ತಿರಲಿಲ್ಲ.

“ಆ ತಂಗಿ ‘ಮುಂದಿನ ವಾರ ಬಾ’ ಅಂದಾಗ ಅಕ್ಕ ಏನೂ ಅನ್ಲಿಲ್ಲ, ಅಲ್ವಾ?” ಎಂದು ಕೇಳಿದರು.

“ಅಕ್ಕ ಏನೂ ಅನ್ಲಿಲ್ಲ, ಅತ್ತೆ.” ನನ್ನ ಕೈಯ ಲೋಟ ಕೆಳಗಿಟ್ಟೆ. “ತಂಗಿನೂ ಹಾಗೆ ಅನ್ಲಿಲ್ಲ. ‘ಇನ್ನು ಬರ್ಬೇಡ’ ಅಂದ್ಲು. ನಾನು ಬದಲಾಯಿಸಿ ಹೇಳ್ದೆ.”

ಅತ್ತೆ ದೋಸೆ ಮುರಿಯುವುದನ್ನು ನಿಲ್ಲಿಸಿದರು. ಪಕ್ಕದ ಟೇಬಲ್ಲಿನವರು ಎದ್ದು ಹೋದರು, ಹೋಟೆಲಿನವನು ಬಂದು ಒರೆಸಿ ಹೋದ.

“ಇನ್ನೆಲ್ಲೆಲ್ಲಿ ಹೀಗೆ ಮಾಡಿದ್ದೀಯ?”

“ಬೈಗುಳ ಬಂದ ಕಡೆಯೆಲ್ಲ.”

“ಅದು ಗೊತ್ತಾಗ್ತಿತ್ತು.” ಮನೆಗೆ ತಿರುಗಿಸು ಎನ್ನುತ್ತಾರೆಂದು ನಾನು ಕೀ ಹಿಡಿದುಕೊಂಡೆ. “ಆ ಅಕ್ಕ ದೋಣೀಲಿ ಕೂತು ಅಷ್ಟು ದೂರ ಹೋಗಿದ್ದು ನಿಜ ತಾನೇ? ಅದು ನೀನು ಹೇಳಿದ್ದಲ್ಲವಲ್ಲ, ನಾನೇ ನೋಡಿದ್ದು.”

“ನಿಜ, ಅತ್ತೆ.”

“ಹಾಗಾದ್ರೆ ನಡಿ.” ತಣ್ಣಗಾಗಿದ್ದ ದೋಸೆಯ ಚೂರುಗಳನ್ನೆಲ್ಲ ತಿಂದು ಮುಗಿಸಿದರು.

ಕಳಸದಲ್ಲಿ ಅವರ ತಂಗಿಯ ಅಂಗಡಿ ರಸ್ತೆಗೇ ತೆರೆದುಕೊಂಡಿದೆ. ನಾವು ಮೆಟ್ಟಿಲು ಹತ್ತಿದಾಗ ಹೊಲಿಗೆ ಮೆಶೀನು ನಿಂತಿತು. ತಂಗಿಯ ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಮೂಗು ಮಾತ್ರ ಅತ್ತೆಯದೇ.

ಅತ್ತೆ ಹೊಸಿಲಾಚೆಯೇ ನಿಂತರು. “ನಾನು ಅವತ್ತು ಹೇಳಿದ್ದು ತಪ್ಪು ಅಂತ ಇವತ್ತಿಗೂ ನನಗೆ ಅನ್ಸಲ್ಲ” ಎಂದರು. “ನಿನ್ನನ್ನ ಕೇಳ್ದೆ ಹೇಳಿದ್ದು ತಪ್ಪು.”

ತಂಗಿ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು.

“ಇಷ್ಟು ಹೇಳೋಕೆ ಮೂವತ್ತು ವರ್ಷ ಬೇಕಾಯ್ತಾ ನಿನಗೆ?”

ಅತ್ತೆ ನನ್ನ ಕಡೆ ತಿರುಗಿದರು. ಟೀವಿಯ ಮುಂದೆ ತಿರುಗುತ್ತಿದ್ದ ಹಾಗೆಯೇ. ನಾನು ಬಾಯಿ ತೆರೆಯಲಿಲ್ಲ.

“ಬೇಕಾಯ್ತು” ಎಂದು ಅವರೇ ಹೇಳಿದರು.

ತಂಗಿ ಮುಖ ತಿರುಗಿಸಿ ಮೆಶೀನಿನ ಚಕ್ರದ ಮೇಲೆ ಕೈ ಇಟ್ಟರು. ಹೊಲಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ, ಪಕ್ಕದ ಸ್ಟೂಲಿನ ಮೇಲಿದ್ದ ರವಿಕೆ ಕಣಗಳನ್ನು ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡರು. ಸ್ಟೂಲು ಖಾಲಿಯಾಯಿತು.

ಅತ್ತೆ ಚಪ್ಪಲಿ ಬಿಟ್ಟರು. ಅವರೆಕಾಳಿನ ಡಬ್ಬವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ನಾನು ಕಾರಿನ ಹತ್ತಿರ ಹೋಗಿ ನಿಂತೆ.